ದೇವಾಲಯದಿಂದ ದೇವಾಲಯಕ್ಕೆ
(ಶತಮಾನೋತ್ಸವದ ಅಂಗವಾಗಿ ಸೇರಿದ ಧರ್ಮಕೇಂದ್ರದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ನಮ್ಮ ದೇವಾಲಯಕ್ಕೆ ಸುಣ್ಣಬಣ್ಣ ಮಾಡಿಸುವ ಕುರಿತು, ಹೊಸ ಗಂಟೆಯ ಕುರಿತು, ದೀಪಾಲಂಕಾರದ ಕುರಿತು ಸಾಕಷ್ಟು ಚರ್ಚೆ ನಡೆದಿದೆ. ದಾನಿಗಳೂ ಮುಂದೆ ಬಂದಿದ್ದಾರೆ. ದೇವರು ಅವರನ್ನು ಆಶೀರ್ವದಿಸಲಿ. ಆದರೆ ಉತ್ತರ ದಿಕ್ಕಿನ ಮಾಡಿನಲ್ಲಿ ಗೆದ್ದಲು ಹಿಡಿದಿರುವ ಪಕಾಸಿಗಳನ್ನು ಬದಲಿಸಲು ಈವರೆಗೆ ಒಬ್ಬರೂ ಹಣ ನೀಡಿಲ್ಲ. ಪಕಾಸಿಯ ಮೇಲೆ ದಾನಿಯ ಹೆಸರನ್ನು ಕೆತ್ತಿಸಲು ಸ್ಥಳವಿಲ್ಲವೆಂಬುದೂ ನಿಜವೇ.

ಇತರರನ್ನು ದೂರುವ ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಗುರುಪಟ್ಟ ಪಡೆದ ಕೆಲವೇ ವರ್ಷಗಳಲ್ಲಿ ನನ್ನನ್ನು ಮಲೆನಾಡಿನ ಒಂದು ಚಿಕ್ಕ ಧರ್ಮಕೇಂದ್ರಕ್ಕೆ ಕಳುಹಿಸಲಾಗಿತ್ತು. ಮಳೆಗೆ ಮುನ್ನ ಮಾಡಿನ ತಗಡಿನ ದೋಣಿಯಲ್ಲಿ ತುಂಬಿದ್ದ ತರಗೆಲೆಯನ್ನು ತೆಗೆಸಬೇಕೆಂದು ವೃದ್ಧರಾದ ಉಪದೇಶಿಗಳು ಎರಡು ಬಾರಿ ನೆನಪಿಸಿದರು. ಹಬ್ಬದ ಗಡಿಬಿಡಿಯಲ್ಲಿ ನಾನು ಅದನ್ನು ಮುಂದೂಡಿದೆ. ಆಷಾಢದ ಮಳೆಯ ನೀರು ಗೋಡೆಯೊಳಕ್ಕೆ ಇಳಿದು, ಬಲಿಪೀಠದ ಪಕ್ಕದ ಮಣ್ಣಿನ ಗೋಡೆ ಒಂದು ರಾತ್ರಿ ಕುಸಿದುಬಿತ್ತು. ಇಬ್ಬರು ಆಳುಗಳ ಒಂದು ದಿನದ ಕೂಲಿಯಲ್ಲಿ ಮುಗಿಯಬೇಕಾಗಿದ್ದ ಕೆಲಸಕ್ಕಾಗಿ ಎರಡು ವರ್ಷ ಮನೆಮನೆ ಬೇಡಿದೆ. ಅಷ್ಟು ಕಾಲವೂ ಬಲಿಪೂಜೆ ನಡೆದದ್ದು ಶಾಲೆಯ ಜಗಲಿಯಲ್ಲಿ. ಉಪದೇಶಿಗಳು ಒಂದು ದಿನವೂ ಆ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಇಂಥ ಕಷ್ಟಕ್ಕೆ ಇಂಗ್ಲೆಂಡಿನ ಜನರು ಕಂಡುಕೊಂಡ ಉಪಾಯವೊಂದನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ. ಆ ದೇಶದ ಪೂರ್ವ ಕರಾವಳಿಯಲ್ಲಿ ಸಫೊಕ್ ಎಂಬ ಪ್ರಾಂತವಿದೆ. ಅಲ್ಲಿ ಮಧ್ಯಯುಗದ ದೇವಾಲಯಗಳೇ ಸುಮಾರು 500 ಇವೆ. ಲ್ಯಾವೆನ್‌ಹ್ಯಾಮಿನಂಥ ಊರುಗಳಲ್ಲಿ ಉಣ್ಣೆಬಟ್ಟೆಯ ವ್ಯಾಪಾರದಿಂದ ಸಿರಿವಂತರಾದ ವರ್ತಕರು ಉದಾರವಾಗಿ ಹಣ ಕೊಟ್ಟು ಕಟ್ಟಿಸಿದರು. ಅವು ನಮ್ಮ ಕಥೋಲಿಕ ಪೂರ್ವಜರ ಕಾಣಿಕೆಯಿಂದ ಎದ್ದವು. 16ನೆಯ ಶತಮಾನದ ಮತಸುಧಾರಣೆಯ ಕಾಲದಲ್ಲಿ ಆಂಗ್ಲಿಕನ್ ಸಭೆಯ ಪಾಲಾದವು. ಮುಂದೆ ವ್ಯಾಪಾರ ಕುಂದಿತು, ಊರುಗಳು ಸೊರಗಿದವು, ದೇವಾಲಯಗಳು ಮಾತ್ರ ದೊಡ್ಡವಾಗಿಯೇ ಉಳಿದವು. ಬ್ಲೈತ್‌ಬರೋ ಎಂಬ ಸಣ್ಣ ಊರಿನ ದೇವಾಲಯದ ಮಾಡಿನಲ್ಲಿ ರೆಕ್ಕೆ ಬಿಚ್ಚಿದ ಮರದ ದೇವದೂತರಿದ್ದಾರೆ. ಆ ರೆಕ್ಕೆಗಳಲ್ಲಿ ಸೀಸದ ಗುಂಡುಗಳು ಸಿಕ್ಕಿವೆ. ಅದು ವಿಗ್ರಹವಿರೋಧಿ ಸೈನಿಕರ ಕೃತ್ಯವೆಂದು ಬಹುಕಾಲ ನಂಬಿದ್ದರು. 18ನೆಯ ಶತಮಾನದಲ್ಲಿ ಒಳಗೆ ಗೂಡು ಕಟ್ಟುತ್ತಿದ್ದ ಕಾಗೆಜಾತಿಯ ಹಕ್ಕಿಗಳನ್ನು ಓಡಿಸಲು ಊರಿನವರೇ ಹಾರಿಸಿದ ಗುಂಡುಗಳವು ಎಂದು ಅನಂತರ ತಿಳಿಯಿತು. ದೇವಾಲಯಕ್ಕೆ ಹಾನಿ ಮಾಡಲು ವೈರಿಗಳೇ ಬರಬೇಕೆಂದಿಲ್ಲ, ನೋಡಿ.

ಫ್ರಾನ್ಸಿನಲ್ಲಿ 1905ಕ್ಕೆ ಮುಂಚಿನ ಬಹುಪಾಲು ಧರ್ಮಕೇಂದ್ರದ ದೇವಾಲಯಗಳು ಊರಾಡಳಿತದ ಸ್ವತ್ತು. ಇಂಗ್ಲೆಂಡಿನಲ್ಲಿ ಹಾಗಿಲ್ಲ, ದುರಸ್ತಿಯ ಹೊರೆ ಆಯಾ ಊರಿನ ಭಕ್ತರ ಹೆಗಲ ಮೇಲಿದೆ. ಭಾನುವಾರ ಹದಿನೈದು ಜನ ಸೇರುವ ಕಡೆ ಮಾಡು ಸೋರಿದರೆ ಗತಿಯೇನು? ಇದಕ್ಕಾಗಿ 1973ರಲ್ಲಿ ಸಫೊಕ್‌ನಲ್ಲಿ ಪ್ರಾಚೀನ ದೇವಾಲಯಗಳ ನಿಧಿಯೊಂದು ಸ್ಥಾಪನೆಯಾಯಿತು. 1982ರಲ್ಲಿ ಆ ನಿಧಿಯವರು ಸೈಕಲ್ ಯಾತ್ರೆಯೊಂದನ್ನು ಆರಂಭಿಸಿದರು. ಅದು ಬೇರೆ ಪ್ರಾಂತಗಳಿಗೂ ಹಬ್ಬಿ, ಈಗ ಸೆಪ್ಟೆಂಬರ್ ತಿಂಗಳ ಎರಡನೆಯ ಶನಿವಾರ ನಡೆಯುತ್ತದೆ.

ಅದರ ಕ್ರಮ ಬಲು ಸರಳ. ಯಾತ್ರಿಕನು ಮೊದಲೇ ಬಂಧುಮಿತ್ರರ ಬಳಿ ಹೋಗಿ, ತಾನು ಸಂದರ್ಶಿಸುವ ಪ್ರತಿ ದೇವಾಲಯಕ್ಕೆ ಇಂತಿಷ್ಟು ಎಂದು ಮಾತು ಪಡೆದು ಕಾಗದದ ಮೇಲೆ ಬರೆಸಿಕೊಳ್ಳುತ್ತಾನೆ. ಆ ದಿನ ಕೆಲವರು ಸೈಕಲ್ಲಿನಲ್ಲಿ, ಕೆಲವರು ಕಾಲ್ನಡಿಗೆಯಲ್ಲಿ, ಕುದುರೆ ಉಳ್ಳವರು ಕುದುರೆಯ ಮೇಲೆ ಹೊರಡುತ್ತಾರೆ. ಪ್ರತಿ ದೇವಾಲಯದ ಬಾಗಿಲಲ್ಲಿ ಒಬ್ಬರು ಕುಳಿತು ಬಂದವರ ಹೆಸರು ಬರೆದುಕೊಂಡು, ಕಾಗದಕ್ಕೆ ಸಹಿ ಹಾಕಿ, ನೀರು ಬಿಸ್ಕತ್ತು ಕೊಡುತ್ತಾರೆ. ನಡೆಯಲಾರದ ವೃದ್ಧರಿಗೆ ಇದೇ ಸೇವೆ. ಕೂಡಿದ ಹಣದಲ್ಲಿ ಅರ್ಧ ಯಾತ್ರಿಕನು ಹೆಸರಿಸಿದ ದೇವಾಲಯಕ್ಕೆ, ಇನ್ನರ್ಧ ಪ್ರಾಂತದ ನಿಧಿಗೆ.

ಈ ಇನ್ನರ್ಧದ ವಿಷಯ ನನ್ನ ಮನಸ್ಸಿನಲ್ಲಿ ನಿಂತಿದೆ. ತನ್ನ ಊರಿನ ಮಾಡಿಗೆಂದು ಬೆವರು ಸುರಿಸುವವನು ಅಷ್ಟನ್ನೇ ತಾನು ಎಂದೂ ಪ್ರಾರ್ಥಿಸದ ದೇವಾಲಯಕ್ಕೂ ದುಡಿಯುತ್ತಾನೆ. ನಮ್ಮಲ್ಲಿ ಪಕ್ಕದ ಧರ್ಮಕೇಂದ್ರದ ಹಬ್ಬಕ್ಕೆ ಊಟಕ್ಕೆ ಹೋಗುತ್ತೇವೆ; ಅವರ ಗೋಡೆ ಬಿರುಕು ಬಿಟ್ಟಿರುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಜಲಾಶಯದ ನೀರಿನಲ್ಲಿ ಮುಳುಗೇಳುವ ಹಳೆಯ ದೇವಾಲಯವನ್ನು ನೋಡಲು, ಚಿತ್ರ ತೆಗೆದುಕೊಳ್ಳಲು ದೂರದೂರದಿಂದ ಜನರು ಬರುತ್ತಾರೆ. ಪಾಳುಬಿದ್ದ ಮೇಲೆ ಸಂದರ್ಶಕರಿಗೆ ಕೊರತೆಯಿಲ್ಲ.

ಇದು ಭಕ್ತಿಯಲ್ಲ, ವಿನೋದವೆಂದು ನಮ್ಮ ಸಮಿತಿಯ ಹಿರಿಯರೊಬ್ಬರು ಆಕ್ಷೇಪಿಸಿದರು. ಅವರ ಕಳವಳ ನನಗೆ ಅರ್ಥವಾಗುತ್ತದೆ. ಆದರೆ 16ನೆಯ ಶತಮಾನದಲ್ಲಿ ಸಂತ ಫಿಲಿಪ್ ನೇರಿಯವರು ರೋಮಿನ ಏಳು ದೇವಾಲಯಗಳಿಗೆ ಜನರನ್ನು ಕಾಲ್ನಡಿಗೆಯಲ್ಲಿ ಕರೆದೊಯ್ದಾಗ ದಾರಿಯಲ್ಲಿ ಬುತ್ತಿಯೂ ಇತ್ತು, ಸಂಗೀತವೂ ಇತ್ತು. ಪವಿತ್ರ ಗುರುವಾರದ ರಾತ್ರಿ ಬೆಂಗಳೂರಿನಲ್ಲಿ ಏಳು ದೇವಾಲಯಗಳನ್ನು ಸುತ್ತುವ ಕುಟುಂಬಗಳು ಇಂದಿಗೂ ಇವೆ. ಅವರ ಮಕ್ಕಳು ದಾರಿಯಲ್ಲಿ ಕಡಲೆಕಾಯಿ ತಿಂದರೆ ಪ್ರಾರ್ಥನೆಗೆ ಭಂಗವೇನೂ ಬಾರದು.

ಸೆಪ್ಟೆಂಬರ್ ನಮಗೆ ಮಳೆಯ ಕಾಲ. ಆದುದರಿಂದ ಜನವರಿಯ ಒಂದು ಶನಿವಾರವೆಂದು ಯೋಚಿಸಿದ್ದೇವೆ. ಹಣ ಫೆಬ್ರವರಿಯೊಳಗೆ ಸೇರಿದರೆ ಮಾರ್ಚಿಯಲ್ಲಿ ಹೆಂಚು ಇಳಿಸಬಹುದು. ಸುತ್ತಲಿನ ನಾಲ್ಕು ಧರ್ಮಕೇಂದ್ರಗಳ ಗುರುಗಳು ಒಪ್ಪಿದ್ದಾರೆ. ಅರ್ಧ ಹಣ ನಮ್ಮ ಪಕಾಸಿಗಳಿಗೆ. ಇನ್ನರ್ಧ, ಐದು ದೇವಾಲಯಗಳಲ್ಲಿ ಯಾವುದರ ಸ್ಥಿತಿ ಎಲ್ಲಕ್ಕಿಂತ ಶೋಚನೀಯವೋ ಅದಕ್ಕೆ. ಅದು ನಮ್ಮದಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ನಾನು ಹೋಗಿ ನೋಡಿ ಬಂದಿದ್ದೇನೆ. ನಡೆಯುವವರು, ಸೈಕಲ್ ತುಳಿಯುವವರು ಬಲಿಪೂಜೆಯ ನಂತರ ಉಪದೇಶಿಗಳ ಬಳಿ ಹೆಸರು ಬರೆಸಿರಿ. ಬಾಗಿಲಲ್ಲಿ ಕೂರುವವರ ಪಟ್ಟಿ ಬೇರೆಯಿದೆ. ಮೊಣಕಾಲು ನೋವಿನ ದೆಸೆಯಿಂದ ಅದರಲ್ಲಿ ಮೊದಲ ಹೆಸರು ನನ್ನದು.