ಎಷ್ಟು ಮಂದಿಗೆ ಸಿಗಲಿಲ್ಲ?



ಶಿಕ್ಷಕರಾದ ನಾವು ಎರಡು ದಿನ ಕೂತು ಮಾತಾಡಲಿರುವ ವಿಷಯ ಮೇಲ್ನೋಟಕ್ಕೆ ತೀರ ಚಿಕ್ಕದು. ಯಾವುದು ಹೆಚ್ಚು, ಯಾವುದು ಕಡಿಮೆ, ಯಾವಾಗ ಎರಡೂ ಸಮ ಎಂಬುದನ್ನು ಐದಾರು ವರ್ಷದ ಮಕ್ಕಳಿಗೆ ಮನದಟ್ಟು ಮಾಡಿಸುವುದು ಹೇಗೆ? ಒಂದನೇ ತರಗತಿಯಲ್ಲಿ ಇದನ್ನು ಬೇಗ ಮುಗಿಸಿ ಕೂಡುವ ಲೆಕ್ಕಕ್ಕೆ ಹೋಗಿಬಿಡುವುದು ನಮ್ಮಲ್ಲಿ ರೂಢಿ. ಇಲ್ಲಿ ಅವಸರ ಬೇಡ ಎಂಬುದು ನನ್ನ ಕೋರಿಕೆ. ಹೋಲಿಕೆ ಎಂದರೆ ಎರಡು ಗುಂಪುಗಳ ನಡುವಿನ ಸಂಬಂಧ. ಅದನ್ನು ಮಗು ಮೊದಲು ಒಂದಕ್ಕೊಂದು ಜೋಡಿಸಿ ಕೈಯಾರೆ ಕಾಣಬೇಕು. ಎಣಿಕೆ ಅದರ ಜೊತೆಗೆ ಬರಲಿ, ಚಿಹ್ನೆ ಎಲ್ಲಕ್ಕಿಂತ ಕೊನೆಗೆ ಬರಲಿ.

ನಲಿಕಲಿ ಕೊಠಡಿಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಶಿಕ್ಷಕಿ ನೆಲದ ಮೇಲೆ ಆರು ಹುಣಸೆ ಬೀಜಗಳನ್ನು ಸಾಲಾಗಿ ಇಟ್ಟರು. ಅವುಗಳ ಎದುರಿಗೆ ಒಂದೊಂದರಂತೆ ಆರು ಹೊಂಗೆ ಬೀಜ. ಎರಡೂ ಒಂದೇ ಸಮ ಎಂದಳು ಒಬ್ಬ ಹುಡುಗಿ. ಶಿಕ್ಷಕಿ ಹೊಂಗೆ ಬೀಜಗಳನ್ನು ದೂರದೂರ ಸರಿಸಿದರು. ಈಗ? "ಹೊಂಗೆ ಜಾಸ್ತಿ." ಯಾಕಮ್ಮ? "ಇದು ಉದ್ದ ಐತೆ ಮಿಸ್." ಎಣಿಸು ನೋಡೋಣ ಎಂದರು. ಎರಡೂ ಸಾಲನ್ನು ತಪ್ಪಿಲ್ಲದೆ ಎಣಿಸಿದಳು. ಇದೂ ಆರು, ಅದೂ ಆರು. ಹಾಗಾದರೆ ಯಾವುದು ಜಾಸ್ತಿ? ಬೆರಳು ಮತ್ತೆ ಹೊಂಗೆಯ ಕಡೆಗೇ ಹೋಯಿತು.

ಶಿಕ್ಷಕಿ ಗದರಲಿಲ್ಲ, ಉತ್ತರ ಹೇಳಿಕೊಡಲೂ ಇಲ್ಲ. ಪ್ರತಿ ಹುಣಸೆ ಬೀಜದಿಂದ ಅದರ ಜೊತೆಯ ಹೊಂಗೆ ಬೀಜಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಹೇಳಿದರು. ಓರೆಕೋರೆಯಾಗಿ ಆರು ಗೆರೆ ಎಳೆದು, ಸ್ವಲ್ಪ ಹೊತ್ತು ದಿಟ್ಟಿಸಿ, "ಯಾವ್ದೂ ಉಳೀಲಿಲ್ಲ" ಎಂದಳು ಹುಡುಗಿ. ಆರು ಎಂಬ ಅಂಕಿ ಅವಳಿಗೆ ಕೊಡದಿದ್ದ ತಿಳಿವನ್ನು ಆ ಗೆರೆಗಳು ಕೊಟ್ಟವು. ಎಣಿಸಲು ಬಂದ ಮಗುವಿಗೆ ಹೋಲಿಸಲೂ ಬಂತು ಎಂದು ನಾವು ಟಿಕ್ ಹಾಕಿ ಮುಂದೆ ಹೋಗುತ್ತೇವಲ್ಲ, ಅದು ಎಷ್ಟು ದುಡುಕು ಎಂದು ನನಗೆ ಅಲ್ಲಿ ಸ್ಪಷ್ಟವಾಯಿತು.

ಇದೇ ಬಗೆಯ ಪ್ರಯೋಗಗಳನ್ನು ಮಾಡಿ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1941ರಲ್ಲಿ ಪುಸ್ತಕ ಬರೆದದ್ದನ್ನು ನೀವೆಲ್ಲ ತರಬೇತಿಯಲ್ಲಿ ಓದಿದ್ದೀರಿ. ಅದರಿಂದ ನಮ್ಮಲ್ಲಿ ಹಲವರು ಹಿಡಿದುಕೊಂಡ ಪಾಠ ಒಂದೇ: ಮಗು ಇನ್ನೂ ಸಿದ್ಧವಾಗಿಲ್ಲ, ಕಾಯೋಣ. ನನಗೆ ಇದು ಒಪ್ಪಿಗೆಯಿಲ್ಲ. 1974ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪ್ರಯೋಗವನ್ನು ಸ್ವಲ್ಪ ಬದಲಿಸಿ ಮಾಡಿದರು. ಸಾಲನ್ನು ಕೆಡಿಸಿದ್ದು ದೊಡ್ಡವರಲ್ಲ, ತುಂಟ ಕರಡಿ ಗೊಂಬೆ. ಆಗ ಎರಡೂ ಸಮ ಎಂದು ಹೇಳಿದ ಮಕ್ಕಳ ಸಂಖ್ಯೆ ಬಹಳ ಏರಿತು. ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಬೇರೆ ಉತ್ತರ ಬಯಸುತ್ತಿದ್ದಾರೆ ಎಂದು ಮಗು ಊಹಿಸುತ್ತದೆ. ನಮ್ಮ ತರಗತಿಗಳಲ್ಲಂತೂ ಮೇಷ್ಟ್ರು ಎರಡನೇ ಸಲ ಕೇಳಿದರೆಂದರೆ ಮೊದಲನೇ ಉತ್ತರ ತಪ್ಪು ಎಂದೇ ಮಕ್ಕಳು ತಿಳಿಯುತ್ತಾರೆ.

ಪ್ರಶ್ನೆಯ ವಿಷಯದಲ್ಲಿ ಇನ್ನೊಂದು ಅಧ್ಯಯನವನ್ನು ನಿಮ್ಮ ಮುಂದಿಡಲೇಬೇಕು. 1983ರಲ್ಲಿ ಟಾಮ್ ಹಡ್ಸನ್ ಮಕ್ಕಳಿಗೆ ಹಕ್ಕಿ ಮತ್ತು ಹುಳುಗಳ ಚಿತ್ರ ತೋರಿಸಿದರು. ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚಿವೆ ಎಂದು ಕೇಳಿದಾಗ ಒಂದನೇ ತರಗತಿಯಲ್ಲಿ ಶೇ. 64 ಮಕ್ಕಳು ಮಾತ್ರ ಸರಿ ಹೇಳಿದರು. ಒಂದೊಂದು ಹಕ್ಕಿಯೂ ಒಂದೊಂದು ಹುಳು ಹಿಡಿದರೆ ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ ಎಂದು ಕೇಳಿದಾಗ ಎಲ್ಲರೂ ಸರಿ ಹೇಳಿದರು. ಶಿಶುವಿಹಾರದ ಮಕ್ಕಳಲ್ಲಿ ಅಂತರ ಇನ್ನೂ ದೊಡ್ಡದು: ಶೇ. 25 ಎಲ್ಲಿ, ಶೇ. 96 ಎಲ್ಲಿ! ಚಿತ್ರ ಒಂದೇ, ಉತ್ತರ ಒಂದೇ.

ಇದು ನಮಗೆ ಎಷ್ಟು ಹತ್ತಿರದ ಮಾತು ಯೋಚಿಸಿ. ಮಧ್ಯಾಹ್ನ ಬಿಸಿಯೂಟಕ್ಕೆ ತಟ್ಟೆ ಹಂಚುವ ಕೆಲಸವನ್ನು ಒಂದನೇ ತರಗತಿಯ ಮಕ್ಕಳಿಗೇ ಬಿಡಿ. ಎಷ್ಟು ಮಂದಿಗೆ ತಟ್ಟೆ ಸಿಗಲಿಲ್ಲ, ಎಷ್ಟು ತಟ್ಟೆ ಉಳಿಯಿತು ಎಂದು ದಿನವೂ ಕೇಳಿ. ಮಕ್ಕಳು ಸರಾಗವಾಗಿ ಉತ್ತರಿಸತೊಡಗಿದ ಮೇಲೆ, ಅದೇ ತಟ್ಟೆಗಳ ಮುಂದೆಯೇ, ತಟ್ಟೆಗಿಂತ ಮಕ್ಕಳು ಎಷ್ಟು ಹೆಚ್ಚು ಎಂಬ ಮಾತನ್ನು ತನ್ನಿ. ಈ ಮೆಟ್ಟಿಲನ್ನು ಹಾರಿಸಿದ್ದರಿಂದಲೇ ಮೂರನೇ ತರಗತಿಯಲ್ಲಿ, ಒಬ್ಬನ ಬಳಿ 8 ಗೋಲಿ, ಇನ್ನೊಬ್ಬಳ ಬಳಿ 5, ಅವನ ಬಳಿ ಎಷ್ಟು ಹೆಚ್ಚು ಎಂದರೆ ಮಕ್ಕಳು 13 ಎನ್ನುತ್ತಾರೆ, ಇಲ್ಲವೇ ಎಂಟೇ ಎನ್ನುತ್ತಾರೆ.

ಅಳಗುಳಿ ಮಣೆ ಆಡುವ ಮನೆಯ ಮಕ್ಕಳಿಗೆ ಈ ಹೋಲಿಕೆ ಆಟದಲ್ಲೇ ಒಲಿದಿರುತ್ತದೆ. ಒಂದೊಂದು ಬದಿಗೆ ಏಳು ಗುಳಿ. ಮರು ಆಟಕ್ಕೆ ತಾವು ಗೆದ್ದ ಕಾಯಿಗಳಿಂದ ಗುಳಿ ತುಂಬುತ್ತಾ ಹೋದಾಗ ಸೋತವರ ಬದಿಯಲ್ಲಿ ಕೆಲವು ಗುಳಿ ಖಾಲಿ ಉಳಿಯುತ್ತವೆ. ಎಷ್ಟು ಕಡಿಮೆ ಬಿತ್ತು ಎಂಬುದು ಕಣ್ಣೆದುರಿಗೇ ಇರುತ್ತದೆ. ಅಂಗನವಾಡಿಗೆ ಒಂದು ಮಣೆ ಇದ್ದರೆ ಎಂಥ ಪಾಠೋಪಕರಣ! ನೆಲದಲ್ಲಿ ಗುಳಿ ತೋಡಿದರೂ ಸಾಕು.

> ಮತ್ತು < ಚಿಹ್ನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ಗೋಷ್ಠಿಯೇ ಅದಕ್ಕಿದೆ. ದೊಡ್ಡ ಸಂಖ್ಯೆಯ ಕಡೆಗೆ ಬಾಯಿ ತೆರೆದ ಮೊಸಳೆಯನ್ನು ನಾವೆಲ್ಲ ಬೋರ್ಡಿನ ಮೇಲೆ ಬರೆಯುತ್ತೇವೆ, ಮಕ್ಕಳು ಅದಕ್ಕೆ ಹಲ್ಲು, ಕಣ್ಣು ಎಲ್ಲ ಬರೆಯುತ್ತಾರೆ. ಓದು ಎಂದರೆ ಮಾತ್ರ, ಮೊಸಳೆ ಐದನ್ನು ತಿನ್ನುತ್ತೆ ಎನ್ನುತ್ತಾರೆ. ಐದು ಮೂರಕ್ಕಿಂತ ದೊಡ್ಡದು, ಮೂರು ಐದಕ್ಕಿಂತ ಚಿಕ್ಕದು ಎಂದು ಎರಡೂ ಕಡೆಯಿಂದ ಬಾಯಿಬಿಟ್ಟು ಹೇಳಲು ಬಂದ ಮೇಲೆ ಚಿಹ್ನೆ ಕೊಟ್ಟರೆ ಮೊಸಳೆಯ ಹಂಗೇ ಬೇಕಾಗುವುದಿಲ್ಲ.

ಎರಡಂಕಿಯ ಸಂಖ್ಯೆಗಳಿಗೆ ಬಂದಾಗಲೂ ಕಥೆ ಇದೇ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಅಭಿಯಾನ ಒಂದನೇ ತರಗತಿಯ ಮಗು 99ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು ಎನ್ನುತ್ತದೆ. ಓದಿ ಬರೆಯುವ ಮಗುವೇ 19 ಮತ್ತು 21ರಲ್ಲಿ 19 ದೊಡ್ಡದು ಎಂದರೆ, ಅದಕ್ಕೆ ಕಾಣುತ್ತಿರುವುದು ಒಂಬತ್ತು ಮಾತ್ರ. ಹತ್ತರ ಒಂದು ಕಟ್ಟು, ಒಂಬತ್ತು ಬಿಡಿ ಕಡ್ಡಿ. ಪಕ್ಕದಲ್ಲಿ ಎರಡು ಕಟ್ಟು, ಒಂದು ಬಿಡಿ. ಕಟ್ಟಿಗೆ ಕಟ್ಟು ಜೋಡಿಸಲಿ, ಮಿಕ್ಕ ಕಟ್ಟನ್ನು ಬಿಚ್ಚಿ ಬಿಡಿಗೆ ಬಿಡಿ ಜೋಡಿಸಲಿ. ಕೈಯಲ್ಲಿ ಎರಡು ಕಡ್ಡಿ ಉಳಿಯುತ್ತವೆ.

ಇಂದು ಮಧ್ಯಾಹ್ನ ಗುಂಪುಗಳಲ್ಲಿ ಕೂತಾಗ ನಿಮ್ಮ ಶಾಲೆಯ ಮೌಲ್ಯಮಾಪನದ ಹಾಳೆಗಳನ್ನು ಹೊರಗೆ ತೆಗೆಯಿರಿ. ಹೋಲಿಕೆಯ ಪ್ರತಿ ಪ್ರಶ್ನೆಯನ್ನೂ ಹಂಚುವ, ಜೋಡಿಸುವ, ಉಳಿಯುವ ಮಾತಿನಲ್ಲಿ ಒಮ್ಮೆ ತಿರುಗಿಸಿ ಬರೆಯಿರಿ. ಸರಿ ತಪ್ಪಿನ ಗುರುತಿನ ಪಕ್ಕದಲ್ಲಿ ಮಗು ಕೊಟ್ಟ ಕಾರಣವನ್ನು ಬರೆದುಕೊಳ್ಳಲು ಒಂದು ಖಾಲಿ ಸಾಲು ಬಿಡಿ. ನಾಳೆ ಸಮಾರೋಪಕ್ಕೆ ಮುಂಚೆ ಆ ಹಾಳೆಗಳೆಲ್ಲ ಒಂದು ಕಡೆ ಸೇರಿದರೆ, ಮುಂದಿನ ಕ್ಲಸ್ಟರ್ ಸಭೆಗೆ ಒಯ್ಯಲು ನಮ್ಮದೇ ಒಂದು ಪ್ರಶ್ನೆಕೋಶ ಸಿದ್ಧವಾಗಿರುತ್ತದೆ.