ಮೊದಲ ನಮೂದಿಗೆ ಯಾರು ಹೊಣೆ?



ಅಂತರರಾಷ್ಟ್ರೀಯ ವ್ಯಾಪಾರದ ಭ್ರಷ್ಟಾಚಾರವನ್ನು ಬ್ಲಾಕ್‌ಚೈನ್ ತಗ್ಗಿಸಬಲ್ಲದೇ ಎಂಬುದು ಈ ವಿಚಾರ ಸಂಕಿರಣದ ವಿಷಯ. ಬರೆದಾದ ಮೇಲೆ ದಾಖಲೆಯನ್ನು ತಿದ್ದದಂತೆ ಅದು ಕಾಯಬಲ್ಲದು. ಆದರೆ ಬರೆಯುವವನೇ ಸುಳ್ಳು ಬರೆದರೆ? ಎರಡು ದಿನಗಳ ಚರ್ಚೆ ಈ ಪ್ರಶ್ನೆಯ ಸುತ್ತ ನಡೆಯಲಿ ಎಂಬುದೇ ನನ್ನ ಆಶಯ.

ಮೊದಲು ತಂತ್ರಜ್ಞಾನಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. 2014ರಲ್ಲಿ ಚೀನಾದ ಚಿಂಗ್‌ದಾವ್ ಬಂದರಿನ ಹಗರಣ ಹೊರಬಿತ್ತು. ಒಂದೇ ಲೋಹದ ದಾಸ್ತಾನಿಗೆ ಹಲವು ಗೋದಾಮು ರಸೀದಿ ಸೃಷ್ಟಿಸಿ, ಬೇರೆ ಬೇರೆ ಬ್ಯಾಂಕುಗಳಲ್ಲಿ ಅಡವಿಟ್ಟು ಸಾಲ ಎತ್ತಲಾಗಿತ್ತು. ಒಂದು ಬ್ಯಾಂಕಿನ ಬಳಿಯಿದ್ದ ರಸೀದಿ ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ಬ್ಲಾಕ್‌ಚೈನ್‌ನಲ್ಲಿ ಪಾಲುದಾರರೆಲ್ಲರ ಬಳಿಯೂ ಒಂದೇ ಲೆಕ್ಕದ ಪ್ರತಿ ಇರುತ್ತದೆ. ಹಿಂದಿನ ನಮೂದಿನ ಗುರುತು ಮುಂದಿನದರಲ್ಲಿ ಸೇರಿರುವುದರಿಂದ, ಹಳೆಯದನ್ನು ಸದ್ದಿಲ್ಲದೆ ತಿದ್ದಿದರೆ ಮುಂದಿನದು ತಾಳೆಯಾಗುವುದಿಲ್ಲ. ಬ್ಯಾಂಕುಗಳೆಲ್ಲ ಇಂಥ ಒಂದೇ ಲೆಕ್ಕದೊಳಗೆ ಬಂದರೆ, ಅಡವಿಟ್ಟ ಸರಕನ್ನು ಮತ್ತೆ ಅಡವಿಡಹೊರಟವನು ಅರ್ಜಿ ಕೊಟ್ಟ ದಿನವೇ ಸಿಕ್ಕಿಬೀಳುತ್ತಾನೆ.

ಈಗ ನಮ್ಮ ಬೇಲೆಕೇರಿಗೆ ಬನ್ನಿ. ಬಳ್ಳಾರಿ, ಸಂಡೂರು, ಹೊಸಪೇಟೆಯ ಕಬ್ಬಿಣದ ಅದಿರು ಅಂಕೋಲಾ ತಾಲ್ಲೂಕಿನ ಆ ಬಂದರಿನಿಂದ ವಿದೇಶಕ್ಕೆ ಹೋಗುತ್ತಿತ್ತು. ಮಿತಿಮೀರಿ ತುಂಬಿದ ಲಾರಿಗಳು, ಪರ್ಮಿಟ್ ಇಲ್ಲದ ಸಾಗಣೆ, ಕಣ್ಣುಮುಚ್ಚಿ ಕುಳಿತ ಇಲಾಖೆಗಳು, ಎಲ್ಲವೂ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ಲೋಕಾಯುಕ್ತ ವರದಿಯಲ್ಲಿವೆ. 2010ರಲ್ಲಿ ಅರಣ್ಯ ಇಲಾಖೆ ವಶಪಡಿಸಿಕೊಂಡು ಬಂದರಿನಲ್ಲೇ ಇರಿಸಿದ್ದ ಅದಿರಿನಲ್ಲೂ ಲಕ್ಷಗಟ್ಟಲೆ ಟನ್ ಹಡಗೇರಿ ಹೋಯಿತು. ನಕಲಿ ಪರ್ಮಿಟ್ಟನ್ನು ಬ್ಲಾಕ್‌ಚೈನ್ ಹಿಡಿದುಕೊಟ್ಟೀತು. ಆದರೆ ಬೇಲಿಯೇ ಎದ್ದು ಹೊಲ ಮೇಯುವಾಗ, ಮೂವತ್ತು ಟನ್ನಿನ ಲಾರಿಗೆ ವೇಬ್ರಿಡ್ಜ್‌ನಲ್ಲಿ ಹದಿನಾರು ಟನ್ ಎಂದು ಬರೆದರೆ, ಆ ಹದಿನಾರನ್ನೇ ಅದು ಅಳಿಸಲಾಗದಂತೆ ಕಾಪಾಡುತ್ತದೆ.

ಲಂಚವೂ ಲಂಚವೆಂದು ದಾಖಲಾಗುವುದಿಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) 2014ರಲ್ಲಿ ವಿದೇಶಿ ಲಂಚದ 427 ಪ್ರಕರಣಗಳನ್ನು ಪರಿಶೀಲಿಸಿತು. ನಾಲ್ಕರಲ್ಲಿ ಮೂರರಲ್ಲಿ ಮಧ್ಯವರ್ತಿಗಳಿದ್ದರು. ಹಣ ಹೋಗುವುದು ಕಮಿಷನ್ ಎಂದೋ ಸಲಹಾ ಶುಲ್ಕ ಎಂದೋ, ಬಿಲ್ಲು ಸಹಿ ಸಮೇತ. ಆ ಹಣ ಪಡೆದ ಕಂಪನಿಯ ನಿಜವಾದ ಒಡೆಯ ಯಾರೆಂದು ಕಾನೂನು ಬಯಲಿಗೆಳೆಯದಿದ್ದರೆ ಯಾವ ಲೆಡ್ಜರ್ ಇದ್ದೂ ಪ್ರಯೋಜನವಿಲ್ಲ.

ಇನ್ನು, ಲೆಕ್ಕದ ಯಜಮಾನಿಕೆ ಯಾರದು? ಹಡಗು ಕಂಪನಿ ಮೇರ್ಸ್ಕ್ ಮತ್ತು ಐಬಿಎಂ 2018ರಲ್ಲಿ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವೇದಿಕೆ ತಂದವು. ಎದುರಾಳಿ ಹಡಗು ಕಂಪನಿಗಳಲ್ಲಿ ಕೆಲವು ಸೇರಿದವು ಕೂಡ. ಆದರೂ ಜಾಗತಿಕ ಉದ್ಯಮದ ಪೂರ್ಣ ಸಹಕಾರ ಸಿಗಲಿಲ್ಲವೆಂದು 2022ರ ನವೆಂಬರಿನಲ್ಲಿ ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ತಂತ್ರಾಂಶ ಬರೆದಷ್ಟು ಸುಲಭವಾಗಿ ಎದುರಾಳಿಗಳ ವಿಶ್ವಾಸ ಗಳಿಸಲಾಗದು.

ಹಾಗಾದರೆ ದಾರಿ? ಸುಳ್ಳು ಹೇಳಿ ಲಾಭ ಪಡೆಯುವವನ ಕೈಯಲ್ಲಿ ಮೊದಲ ನಮೂದು ಇರಬಾರದು. ತೂಕದ ಯಂತ್ರದಿಂದ ಅಂಕಿ ನೇರವಾಗಿ ದಾಖಲಾಗಲಿ. ರಫ್ತು ಬಂದರಿನ ತೂಕವನ್ನು ಆಮದು ಬಂದರಿನ ತೂಕದೊಂದಿಗೆ ತಾಳೆ ನೋಡುವ ವ್ಯವಸ್ಥೆ ಬರಲಿ. ಕಡಿಮೆ ತೂಕಕ್ಕೆ ಹೆಚ್ಚು ದುಡ್ಡು ಕೊಡಲು ಯಾವ ಕೊಳ್ಳುವವನೂ ಒಪ್ಪುವುದಿಲ್ಲವಾದ್ದರಿಂದ ಅವನ ಅಂಕಿಯೇ ನಮಗೆ ಸಾಕ್ಷಿ. ವ್ಯತ್ಯಾಸ ಕಂಡರೆ ನಮೂದಿಸಿದ ಅಧಿಕಾರಿಯ ಹೆಸರೂ ಅಲ್ಲೇ ಸಿಗಲಿ.

ಇಲ್ಲಿ ಮಂಡನೆಯಾಗುವ ಪ್ರತಿ ಪ್ರಬಂಧವೂ ಮೂರು ಪ್ರಶ್ನೆಗಳಿಗೆ ಉತ್ತರಿಸಲಿ ಎಂದು ಕೋರುತ್ತೇನೆ: ಮೊದಲು ಬರೆಯುವವರು ಯಾರು, ಸರಕನ್ನು ಮುಟ್ಟಿ ನೋಡಿ ಒಪ್ಪುವವರು ಯಾರು, ಸುಳ್ಳಾದರೆ ತೆರುವವರು ಯಾರು. ಮೂರಕ್ಕೂ ಹೆಸರು ಸಿಕ್ಕ ಮೇಲೆ ಬ್ಲಾಕ್‌ಚೈನ್ ಬೇಕೋ, ಸಾಮಾನ್ಯ ಡೇಟಾಬೇಸ್ ಸಾಕೋ ಎಂದು ತೀರ್ಮಾನಿಸೋಣ.