ಬಿದ್ದು ಒದ್ದಾಡುವುದೊಂದೇ ಫಿಟ್ಸ್ ಅಲ್ಲ

ಮೂರ್ಛೆರೋಗ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಒಂದೇ ದೃಶ್ಯ: ನೆಲಕ್ಕೆ ಬಿದ್ದವರ ಬಾಯಲ್ಲಿ ನೊರೆ, ಸುತ್ತ ನಿಂತವರು ಅವರ ಕೈಗೆ ಬೀಗದ ಕೈ ತುರುಕುವ ಗಡಿಬಿಡಿ. ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ, ಆ ಮಾತು ಹಾಗಿರಲಿ. ಹೀಗೆ ಬಿದ್ದು ಒದ್ದಾಡುವುದಲ್ಲದೆ ಫಿಟ್ಸ್‌ನಲ್ಲಿ ಬೇರೆ ಬಗೆಗಳೂ ಇವೆ. ಅವನ್ನು ಗುರುತಿಸುವುದಕ್ಕೆ ವೈದ್ಯರಿಗೇ ಶತಮಾನಗಳು ಹಿಡಿದವು.

ನಮ್ಮ ಚರಕಸಂಹಿತೆ ಅಪಸ್ಮಾರವನ್ನು, ಅಂದರೆ ಮೂರ್ಛೆರೋಗವನ್ನು, ದೋಷಗಳ ಪ್ರಕಾರ ನಾಲ್ಕಾಗಿ ವಿಂಗಡಿಸಿತ್ತು. ಹಿಪಾಕ್ರಟಿಸನ ಹೆಸರಿನಲ್ಲಿರುವ ಗ್ರೀಕ್ ಗ್ರಂಥವೊಂದು, ಇದು ದೈವದ ಕಾಟವಲ್ಲ, ಮಿದುಳಿನ ಕಾಯಿಲೆ ಎಂದು ಸಾರಿತು. ಜನ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ದೊಡ್ಡ ತಿರುವು ಬಂದದ್ದು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ. ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯ ರೋಗಿಗಳನ್ನು ಸುಮ್ಮನೆ ನೋಡುತ್ತ ಕೂರುತ್ತಿದ್ದ. ಕೆಲವರಿಗೆ ಮೊದಲು ಹೆಬ್ಬೆರಳು ಅದುರುತ್ತಿತ್ತು, ಆಮೇಲೆ ಕೈ, ತೋಳು, ಮುಖ. ಎಷ್ಟೋ ಸಲ ಎಚ್ಚರ ತಪ್ಪುತ್ತಲೇ ಇರಲಿಲ್ಲ. ಹಾಗಾದರೆ ಇದು ಮಿದುಳಿನ ಒಂದು ಮೂಲೆಯಲ್ಲಿ ಹುಟ್ಟಿ, ಹೊಲದ ಬೆಂಕಿಯ ಹಾಗೆ ಪಕ್ಕಕ್ಕೆ ಹರಡುತ್ತಿರಬೇಕು ಎಂದು ಆತ ತರ್ಕಿಸಿದ. ಯಂತ್ರವಿಲ್ಲ, ಸ್ಕ್ಯಾನ್ ಇಲ್ಲ, ಬರೀ ಕಣ್ಣು. ವೈದ್ಯಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಊಹೆ ನನಗಂತೂ ಗೊತ್ತಿಲ್ಲ.

ಯಂತ್ರ ಬಂದದ್ದು ಆಮೇಲೆ: ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯನ್ನು ಲೋಕದ ಮುಂದಿಟ್ಟ. 1935ರಲ್ಲಿ ಬಾಸ್ಟನ್ನಿನ ಗಿಬ್ಸ್, ಡೇವಿಸ್, ಲೆನಾಕ್ಸ್ ಅದರಲ್ಲೊಂದು ವಿಚಿತ್ರ ಕಂಡರು: ಕೆಲವು ಮಕ್ಕಳು ಕೆಲವೇ ಕ್ಷಣ ಶೂನ್ಯ ದೃಷ್ಟಿಯಲ್ಲಿ ನಿಂತುಬಿಟ್ಟಾಗ, ಸೆಕೆಂಡಿಗೆ ಮೂರರಂತೆ ಅಲೆಗಳು. ಆಬ್ಸೆನ್ಸ್ ಎಂಬ ಬಗೆಯ ಫಿಟ್ಸ್ ಇದೇ. ಬೀಳುವುದಿಲ್ಲ, ಒದ್ದಾಡುವುದಿಲ್ಲ, 'ಪಾಠದ ಮೇಲೆ ಗಮನವಿಲ್ಲ' ಎಂದು ಬೈಸಿಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ಇರುವುದು ಇದೇ.

2017ರಲ್ಲಿ ಮೂರ್ಛೆರೋಗ ವಿರೋಧಿ ಅಂತರರಾಷ್ಟ್ರೀಯ ಸಂಘ ಪರಿಷ್ಕರಿಸಿದ ಫಿಟ್ಸ್ ವರ್ಗೀಕರಣವೂ ಮೊದಲು ಕೇಳಿದ್ದು ಜಾಕ್ಸನ್ನನ ಪ್ರಶ್ನೆಯನ್ನೇ: ಶುರುವಾದದ್ದು ಎಲ್ಲಿ? ಒಂದು ಕಡೆಯೋ, ಮಿದುಳಿನ ಎರಡೂ ಬದಿಯೋ, ತಿಳಿಯದೋ?

ಫಿಟ್ಸ್‌ನ ಬಗೆಗಳನ್ನು ಗುರುತಿಸಿದ ಈ ಕಥೆಯಲ್ಲಿ ನಮ್ಮ ಸೀಮೆಗೂ ಪಾಲಿದೆ. ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಫಿಟ್ಸ್ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1988ರಲ್ಲಿ ಇಂಥ 279 ರೋಗಿಗಳ ವಿವರ ಪ್ರಕಟಿಸಿದರು. ಇಂಥವರಿಗೆ ವೈದ್ಯರು ಮೊದಲು ಹೇಳುವುದು, ತಲೆಗೆ ಉಗುರುಬೆಚ್ಚನೆಯ ನೀರು ಸಾಕು ಎಂದು.

ಯಾರಿಗಾದರೂ ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸಿ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ. ಮೊದಲು ಅದುರಿದ್ದು ಯಾವ ಅಂಗ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.